ಕೊಟ್ಟಿಗೆಯ ನೀಲಿ ಗೆರೆ

"ಅಯ್ಯೋ, ಸುಣ್ಣ ಹೊಡೆದುಬಿಟ್ಟಿದ್ದೀರಲ್ರೀ!"

ಹತ್ತಿರದವರು ಯಾರೋ ಹೋಗಿಬಿಟ್ಟರೆಂಬ ಸುದ್ದಿ ಕೇಳಿದವನ ಹಾಗೆ ಫೋಟೋದವನು ಕೊಟ್ಟಿಗೆಯ ಮುಂದೆ ನಿಂತು ತಲೆಯ ಮೇಲೆ ಕೈ ಇಟ್ಟುಕೊಂಡ. ಹೆಗಲಿಗೆ ದಪ್ಪ ಚೀಲ, ಕಂಕುಳಲ್ಲಿ ಮೂರು ಕಾಲಿನ ಸ್ಟ್ಯಾಂಡು, ತಲೆಗೆ ಅಗಲ ಅಂಚಿನ ಟೋಪಿ. ಕಾರನ್ನು ಕೆಳಗೆ ರಸ್ತೆಯಲ್ಲಿ ಬಿಟ್ಟು ಏರು ಹತ್ತಿ ಬಂದಿದ್ದರಿಂದ ಉಸಿರು ಇನ್ನೂ ಹತೋಟಿಗೆ ಬಂದಿರಲಿಲ್ಲ. ಆ ಏದುಸಿರಿನಲ್ಲೇ ಅವನು ದುಃಖಪಡುತ್ತಿದ್ದ.

ಪೇಂಟರಮ್ಮ ಹುಲ್ಲಿನ ಹೊರೆಯನ್ನು ತಬ್ಬಿಕೊಂಡೇ ನಿಂತಳು. ಅವಳೇನೂ ಪೇಂಟು ಮಾಡುವವಳಲ್ಲ. ಗಂಡ ಪೇಂಟರ್ ಆದ್ದರಿಂದ ಸುತ್ತಮುತ್ತಲಿನವರ ಬಾಯಲ್ಲಿ ಹಾಗೆ ಕರೆಸಿಕೊಂಡು, ತನ್ನ ಸ್ವಂತ ಹೆಸರನ್ನು ಯಾರಾದರೂ ಕೂಗಿದರೆ ಹಿಂದೆ ತಿರುಗಿ ನೋಡುವ ಅಭ್ಯಾಸವನ್ನೇ ಬಿಟ್ಟಿದ್ದಳು. ಗೋಡೆಗೆ ಸುಣ್ಣ ಹೊಡೆಯುವುದು ತಪ್ಪೆಂದು ಇಷ್ಟು ವಯಸ್ಸಾದರೂ ಅವಳಿಗೆ ಯಾರೂ ಹೇಳಿರಲಿಲ್ಲ.

"ಯಾಕೆ, ಹೊಡೀಬಾರ್ದಿತ್ತಾ?" ಎಂದಳು.

"ಹೊಡೀಬಾರ್ದಿತ್ತಾ ಅಂತ ಕೇಳ್ತೀರಲ್ಲ! ಎರಡು ವರ್ಷದ ಹಿಂದೆ ಇದೇ ರಸ್ತೇಲಿ ಹೋಗ್ತಿದ್ದೆ. ಆ ತಿರುವು ತಿರುಗಿದ ಕೂಡ್ಲೇ ಕಾಣಿಸ್ತು ನೋಡಿ. ಪಾಚಿ ಕಟ್ಟಿದ ಕಲ್ಲಿನ ಗೋಡೆ, ಮಳೆ ಕುಡಿದು ಕಪ್ಪಾದ ಹಲಗೆ, ಹಿಂದೆ ಅಷ್ಟೆತ್ತರ ಬೆಟ್ಟ. ನನ್ನ ಗ್ರಹಚಾರಕ್ಕೆ ಅವತ್ತು ಕ್ಯಾಮೆರಾ ರಿಪೇರಿಗೆ ಹೋಗಿತ್ತು. ಅವತ್ತಿಂದ ಇದು ನನ್ನ ಕಣ್ಣಲ್ಲೇ ಕೂತ್ಬಿಟ್ಟಿದೆ. ಹಳೇ ಕಟ್ಟಡಗಳದ್ದೇ ಒಂದು ಪ್ರದರ್ಶನ ಇಟ್ಕೊಂಡಿದ್ದಾರೆ. ಇವತ್ತು ಆಕಾಶಾನೂ ಸರಿಯಾಗಿದೆ ಅಂತ ಇಷ್ಟು ದೂರ ಓಡಿ ಬಂದ್ರೆ..." ಮುಂದೆ ಹೇಳಲಾರದೆ ಅವನು ಗೋಡೆಯತ್ತ ಕೈ ಚಾಚಿದ.

ಅವಳೂ ನೋಡಿದಳು. ಆಳೆತ್ತರದ ಕಲ್ಲಿನ ಗೋಡೆ, ಅದರ ಮೇಲೆ ಹಲಗೆ, ಅದರ ಮೇಲೆ ಹೆಂಚು. ಕಲ್ಲಿಗೆಲ್ಲ ಬೆಳ್ಳನೆಯ ಸುಣ್ಣ, ಸುಣ್ಣದ ನಡುವೆ ಈ ತುದಿಯಿಂದ ಆ ತುದಿಗೆ ಅಂಗೈ ಅಗಲದ ಒಂದು ನೀಲಿ ಗೆರೆ. ಬೆಳಗ್ಗೆ ಹಾಲು ಕರೆಯಲು ಬಂದಾಗ ಆ ಬಿಳುಪು ಅವಳ ಕಣ್ಣಿಗೆ ಎಷ್ಟು ತಂಪಾಗಿತ್ತು! ಈಗ ಈ ಮನುಷ್ಯನ ಪಕ್ಕ ನಿಂತು ನೋಡಿದರೆ, ದೊಡ್ಡವರ ಮನೆಗೆ ಮುಖಕ್ಕೆ ಪೌಡರ್ ಮೆತ್ತಿಕೊಂಡು ಬಂದವರ ಹಾಗೆ ಕಂಡಿತು. ಅದರ ಹಿಂದೆ ಬೆಟ್ಟ ತನ್ನ ಪಾಡಿಗೆ ತಾನು ನಿಂತಿತ್ತು. ಅದನ್ನು ಅವಳು ದಿನಾ ನೋಡುತ್ತಿದ್ದದ್ದು ಬಟ್ಟೆ ಒಣಗುತ್ತದೋ ಇಲ್ಲವೋ ತಿಳಿಯುವುದಕ್ಕೆ ಮಾತ್ರ.

ತಮ್ಮ ಕೈಯಲ್ಲಿ ಏನೋ ಒಳ್ಳೆಯದಿತ್ತು, ಅದು ಒಳ್ಳೆಯದೆಂದು ತಿಳಿಯದೆ ಹಾಳುಮಾಡಿಕೊಂಡೆವು ಎಂದು ಅವಳಿಗೆ ಅನ್ನಿಸಿಬಿಟ್ಟಿತು. ಹೊರೆಯನ್ನು ಕೆಳಗಿಟ್ಟು ಕೂದಲಿಗೆ ಸಿಕ್ಕಿಕೊಂಡಿದ್ದ ಹುಲ್ಲಿನ ಕಡ್ಡಿ ತೆಗೆದಳು.

"ಸುಣ್ಣ ಹೋಗ್ಲಿ ಅಂದ್ರೆ, ಈ ನೀಲಿ ಪಟ್ಟಿ ಬೇರೆ," ಫೋಟೋದವನು ಹತ್ತಿರ ಹೋಗಿ ಒಂದು ಕಣ್ಣು ಮುಚ್ಚಿ ಗೆರೆಯನ್ನು ಉದ್ದಕ್ಕೂ ನೋಡಿದ. "ಇದೇನ್ರೀ ಇದು, ಹಾವು ಹರಿದ ಹಾಗೆ? ಯಾರು ಬಳಿದದ್ದು?"

ಅವನು ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ನಗುವುದಕ್ಕೊಂದು ನೆಪ ಸಿಕ್ಕಿತಲ್ಲ ಎಂಬ ಹಗುರದಲ್ಲಿ ಕೇಳಿದ್ದ. ನಮ್ಮ ಯಜಮಾನ್ರು ಎಂದು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು ಕೂಡ.

"ಯಾರೋ ಕೂಲಿಯವನು," ಎಂದಳು.

"ಕುಡಿದಿದ್ದನಾ?"

"ಕುಡಿದೇ ಬಂದಿರ್ಬೇಕು. ಆ ಕಡೆಯಿಂದ ನೆಟ್ಟಗೇ ಶುರು ಮಾಡಿದ. ಬಾಗಿಲ ಹತ್ರ ಬರೋ ಹೊತ್ತಿಗೆ ಅವನ ಜೊತೆ ಗೆರೇನೂ ತೂರಾಡ್ತಿತ್ತು."

ಫೋಟೋದವನು ಗಹಗಹಿಸಿ ನಕ್ಕ. ಅವಳೂ ನಕ್ಕಳು. ತಾನು ಹೇಳಿದ ಮಾತಿಗೆ ಇನ್ನೊಬ್ಬರು ಹಾಗೆ ಬಾಯಿ ತೆರೆದು ನಕ್ಕು ಎಷ್ಟು ಕಾಲವಾಗಿತ್ತೋ. ಆ ನಗು ಅವಳಿಗೆ ಬೇಕಾಗಿತ್ತು. ಅದಕ್ಕೆ ಏನು ಕೊಡುತ್ತಿದ್ದೇನೆಂದು ಆಗ ಯೋಚಿಸಲಿಲ್ಲ.

ಅವಳ ಗಂಡ ಯಾರೋ ಹಾದಿಬೀದಿಯ ಪೇಂಟರ್ ಆಗಿರಲಿಲ್ಲ. ಕೆಳಗಿನ ಪೇಟೆಯಲ್ಲಿ ಅಂಗಡಿಗಳ ಬೋರ್ಡು, ಬಸ್ಸುಗಳ ಪಕ್ಕೆ, ಶಾಲೆಯ ಕಾಂಪೌಂಡು, ಅಕ್ಷರ ಅಂತ ಎಲ್ಲಿತ್ತೋ ಅಲ್ಲೆಲ್ಲ ಅವನ ಕೈ ಇತ್ತು. ಅಕ್ಷರಕ್ಕಿಂತಲೂ ಹೆಸರುವಾಸಿಯಾದದ್ದು ಅವನ ಗೆರೆ. ದಾರ ಹಿಡಿಯುತ್ತಿರಲಿಲ್ಲ, ಪಟ್ಟಿ ಇಡುತ್ತಿರಲಿಲ್ಲ. ಬಸ್ಸಿನ ಮೂತಿಯಲ್ಲಿ ಬ್ರಷ್ ಊರಿ, ಏನನ್ನೋ ಕೇಳಿಸಿಕೊಳ್ಳುವವನ ಹಾಗೆ ತಲೆ ಓರೆ ಮಾಡಿ, ಅಡ್ಡಡ್ಡ ಹೆಜ್ಜೆ ಹಾಕುತ್ತಾ ಬಾಲದವರೆಗೆ ಒಂದೇ ಎಳೆತಕ್ಕೆ ಎಳೆದುಬಿಡುತ್ತಿದ್ದ. ಡ್ರೈವರುಗಳು ಕೈಯಲ್ಲಿ ಬೀಡಿ ಹಿಡಿದು ಅದನ್ನು ನೋಡುತ್ತಾ ನಿಲ್ಲುತ್ತಿದ್ದರು. ಮದುವೆಯಾದ ಹೊಸದರಲ್ಲಿ ಇವಳೂ ಬುತ್ತಿ ಕೊಡುವ ನೆಪದಲ್ಲಿ ಹೋಗಿ ನಿಂತದ್ದುಂಟು.

ಹೋದ ಚಳಿಗಾಲದಲ್ಲಿ ಅವನಿಗೆ ಲಕ್ವ ಹೊಡೆಯಿತು. ಕಾಲು ಅರ್ಧದಷ್ಟು ವಾಪಸ್ಸು ಬಂತು, ಮಾತು ಹೆಚ್ಚುಕಮ್ಮಿ ಪೂರ್ತಿಯೇ ಬಂತು, ಬಲಗೈ ಮಾತ್ರ ಬರಲಿಲ್ಲ. ಆಮೇಲೆ ಆ ಮನೆಗೆ ಬಂದವರೆಲ್ಲ ಕಾಯಿಲೆ ನೋಡಲು ಬಂದವರೇ. ಹೊಸ್ತಿಲು ದಾಟುವಾಗಲೇ ಮುಖ ಸಪ್ಪೆ ಮಾಡಿಕೊಂಡು, ಅವನು ಎದುರಿಗೇ ಕೂತಿದ್ದರೂ ಅವನನ್ನು ಬಿಟ್ಟು, "ಈಗ ಹೇಗಿದ್ದಾರಮ್ಮ?" ಎಂದು ಇವಳನ್ನು ಕೇಳುತ್ತಿದ್ದರು. ಅವನು ಕಿಟಕಿಯ ಪಕ್ಕ ಕುರ್ಚಿ ಹಾಕಿಸಿಕೊಂಡು ಬೆಟ್ಟ ನೋಡುತ್ತಾ ದಿನ ಕಳೆದ. ಇವಳು ಎಡಗೈಗೆ ಬ್ರಷ್ ಕೊಟ್ಟಳು, ಅವನು ಬಿಸಾಡಿದ. ಇವಳು ಎತ್ತಿಕೊಂಡು ಬಂದು ಮತ್ತೆ ಕೊಟ್ಟಳು. ಬೈದಳು, ಅತ್ತಳು, ಊಟ ಬಿಟ್ಟಳು. ಕೊನೆಗೆ ಒಂದು ದಿನ ಅವನೇ, "ಆಯ್ತು ಮಾರಾಯ್ತಿ, ಕೊಟ್ಟಿಗೆ ಗೋಡೆಗೆ ಬಳೀತೀನಿ. ಹಸು ಆದ್ರೆ ಹೆಂಗಿದ್ರೂ ಏನೂ ಅನ್ನಲ್ಲ," ಎಂದ.

ಸುಣ್ಣ ಕಲಸುವುದಕ್ಕೂ ಅವಳನ್ನು ಬಿಡಲಿಲ್ಲ. ಒಂದಿಷ್ಟು ಬಳಿದು ಸ್ಟೂಲಿನ ಮೇಲೆ ಕೂರುವುದು, ಮತ್ತೆ ಏಳುವುದು. ಮಳೆಗಾಲ ಮುಗಿದ ಮೇಲೆ ಶುರುವಾದದ್ದು ಮೊನ್ನೆ ಮೊನ್ನೆ ಮುಗಿಯಿತು. ಕೊನೆಯ ದಿನ ನೀಲಿ ಕಲಸಿ ಗೆರೆ ಎಳೆದ. ಎಳೆದಾದ ಮೇಲೆ ಬೆವರಿನಲ್ಲಿ ತೊಯ್ದು ಹೋಗಿ, ದೂರ ನಿಂತು ನೋಡಿ, "ಹೆಂಗಿದೆ?" ಎಂದು ಕೇಳಿದ.

"ದಾರ ಹಿಡಿದ ಹಾಗಿದೆ," ಎಂದಿದ್ದಳು ಇವಳು.

"ನಿಜ ಹೇಳು."

"ನಿಮ್ಮಾಣೆಗೂ."

ಆ ರಾತ್ರಿ ಅವನು ಎರಡು ಸಲ ಬಡಿಸಿಕೊಂಡು ಉಂಡ. ಮಾರನೇ ದಿನ ಪೇಟೆಗೆ ಹೋಗಿ ಸೈಕಲ್ ಅಂಗಡಿಯವನ ಬೋರ್ಡು ಬರೆದುಕೊಡುವುದಾಗಿ ಒಪ್ಪಿಕೊಂಡು ಬಂದ. ಬರುವ ಸೋಮವಾರದಿಂದ ಕೆಲಸ. ಈವತ್ತು ಆಸ್ಪತ್ರೆಯಲ್ಲಿ ಕೈಗೆ ವ್ಯಾಯಾಮ ಮಾಡಿಸಿಕೊಂಡು, ಹಾಗೇ ಬೋರ್ಡಿಗೆ ಬೇಕಾದ ಕೆಂಪು ಬಣ್ಣ ತರುತ್ತೇನೆಂದು ಹೋಗಿದ್ದ. ಒಬ್ಬನೇ ಹೋಗಿದ್ದ. ಅವನು ಸಂಜೆಯ ಬಸ್ಸಿಗೆ ಬರುವವನಿದ್ದ.

ಇಷ್ಟೆಲ್ಲ ಇದ್ದೂ ಅವಳು ಯಾರೋ ಕೂಲಿಯವನು ಎಂದಳು. ಯಾಕೆಂದು ಕೇಳಿದರೆ ಅವಳಿಗೇ ಹೇಳಲು ಬರುತ್ತಿರಲಿಲ್ಲ. ಯಜಮಾನ್ರು ಎಂದಿದ್ದರೆ ಕೈಯ ಕಥೆ ಹೇಳಬೇಕಾಗುತ್ತಿತ್ತು, ಕೈಯ ಕಥೆ ಹೇಳಿದರೆ ಫೋಟೋದವನೂ ಮುಖ ಸಪ್ಪೆ ಮಾಡಿಕೊಳ್ಳುತ್ತಿದ್ದ. ಅಷ್ಟು ದಿನಗಳಲ್ಲಿ ಕಾಯಿಲೆಯ ಮಾತೆತ್ತದೆ ಅವಳ ಜೊತೆ ಮಾತಾಡಿದವನು ಇವನೊಬ್ಬನೇ. ಆದರೆ ಇದೂ ಪೂರ್ತಿ ನಿಜವಲ್ಲ. ಆ ಸೊಟ್ಟ ಗೆರೆಗೂ ತನಗೂ ಸಂಬಂಧವಿಲ್ಲ ಅನ್ನಿಸಿಕೊಳ್ಳುವ ಆಸೆ ಒಂದು ಗಳಿಗೆ ಅವಳಿಗೆ ಬಂದಿತ್ತು.

ಫೋಟೋದವನು ನಕ್ಕು ಮುಗಿಸಿ ಚೀಲವನ್ನು ಹೆಗಲಿಗೇರಿಸಿದ. "ಇರ್ಲಿ ಬಿಡಿ. ನನ್ನ ಅದೃಷ್ಟವೇ ಇಷ್ಟು. ಬರ್ತೀನಮ್ಮ."

ಅವನು ನಾಲ್ಕು ಹೆಜ್ಜೆ ಇಳಿದೂ ಆಗಿತ್ತು. ಅವನು ಹೋದರೆ ಉಳಿಯುವುದು ಹಸು, ಹುಲ್ಲು, ಕಿಟಕಿಯ ಪಕ್ಕದ ಕುರ್ಚಿ.

"ಮಣ್ಣು ಎರಚಿದ್ರೆ?" ಎಂದಳು.

ಫೋಟೋದವನು ನಿಂತ.

"ಅಂದ್ರೆ, ಕೆಸರು ಮಾಡಿ ಗೋಡೆಗೆ ಹೊಡೆದ್ರೆ ಹಳೇದರ ಹಾಗೆ ಕಾಣಲ್ವಾ? ದೂರದಿಂದ ತಾನೇ ನೀವು ತೆಗೆಯೋದು?"

ಅವನು ಟೋಪಿ ತೆಗೆದು ಅವಳನ್ನು ಹೊಸದಾಗಿ ನೋಡಿದ. "ನಿಮಗೆ ಕಣ್ಣಿದೆ ಕಣ್ರೀ! ನಿಜವಾಗ್ಲೂ ಹೇಳ್ತೀನಿ. ನನ್ನ ಜೊತೆ ಕೆಲಸ ಮಾಡೋರಿಗೇ ಇದು ಹೊಳೀತಿರ್ಲಿಲ್ಲ. ಆದ್ರೆ ಆಮೇಲೆ? ನೀರು ಹಾಕಿದ್ರೆ ಹೋಗುತ್ತಲ್ವಾ?"

"ಹೋಗುತ್ತೆ," ಎಂದಳು ಪೇಂಟರಮ್ಮ.

ಸುಣ್ಣಕ್ಕೆ ಹಿಡಿದ ಮಣ್ಣು ಹೋಗುವುದಿಲ್ಲ, ಉಜ್ಜಿದರೆ ಸುಣ್ಣವೇ ಎದ್ದು ಬರುತ್ತದೆ ಎಂಬುದನ್ನು ಪೇಂಟರನ ಹೆಂಡತಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಸ್ಸು ಬರುವುದರೊಳಗೆ ಏನಾದರೂ ಮಾಡಿದರಾಯಿತು, ತಾನೇ ಒಂದು ಕೈ ಸುಣ್ಣ ಬಳಿದರಾಯಿತು, ಹಸು ಮೈ ಉಜ್ಜಿತು ಅಂದರಾಯಿತು ಎಂದು ಅವಳ ಮನಸ್ಸು ಆಗಲೇ ಒಂದರ ಮೇಲೊಂದು ನೆಪ ಹುಡುಕುತ್ತಿತ್ತು. ಕೈ ಬಕೆಟ್ಟು ಹುಡುಕುತ್ತಿತ್ತು.

ಬಾವಿಯ ಪಕ್ಕದ ಕೆಮ್ಮಣ್ಣನ್ನು ಕಲಸಿ ಮೊದಲ ಬೊಗಸೆಯನ್ನು ಅಳುಕುತ್ತಲೇ ಎರಚಿದಳು. ಬಿಳಿ ಗೋಡೆಯ ಮೇಲೆ ಅದು ಪಚಕ್ಕೆಂದು ಕೂತು, ಬೆರಳು ಬೆರಳಾಗಿ ಕೆಳಗಿಳಿಯಿತು. ಎರಡನೆಯದಕ್ಕೆ ಅಷ್ಟು ಅಳುಕಾಗಲಿಲ್ಲ. ಆಮೇಲೆ ಅಭ್ಯಾಸವಾಗಿಹೋಯಿತು. ಫೋಟೋದವನು ದೂರದಿಂದ "ಅಲ್ಲಿ ಇನ್ನೊಂದಿಷ್ಟು, ಮೂಲೇಲಿ, ಆಹಾ, ಅದೇ!" ಎಂದು ಕೂಗುತ್ತಿದ್ದ. ಮಧ್ಯೆ ಒಂದು ಸಲ, "ಹಸು ಎಲ್ಲಿ ನಿಂತ್ರೆ ಚೆಂದ, ನೀವೇ ಹೇಳಿ," ಎಂದು ಅವಳ ಅಭಿಪ್ರಾಯ ಕೇಳಿದ. ಅವಳು ಗಂಭೀರವಾಗಿ ಯೋಚಿಸಿ ಬಾಗಿಲ ಬಲಗಡೆ ಎಂದಳು. ಹಸು ಮಾತ್ರ ಯಾರ ಅಭಿಪ್ರಾಯಕ್ಕೂ ಬೆಲೆ ಕೊಡದೆ ಬೆಟ್ಟಕ್ಕೆ ಮುಖ, ಕ್ಯಾಮೆರಾಕ್ಕೆ ಬಾಲ ಮಾಡಿ ನಿಂತಿತು.

ಎಷ್ಟು ಕೆಸರು ಹೊಡೆದರೂ ನೀಲಿ ಮಾತ್ರ ಇಣುಕುತ್ತಿತ್ತು. ಸುಣ್ಣದ ಮೇಲೆ ಬಣ್ಣ ಗಟ್ಟಿಯಾಗಿ ನಿಲ್ಲಲೆಂದು ಗಂಡ ಅದಕ್ಕೆ ಅಂಟು ಬೆರೆಸಿದ್ದ. ಕೆಸರು ಅದರ ಮೇಲೆ ನಿಲ್ಲದೆ ಜಾರುತ್ತಿತ್ತು.

"ಆ ಕುಡುಕನ ಗೆರೆ ಬಿಡ್ತಾನೇ ಇಲ್ವಲ್ರೀ!" ಎಂದು ಫೋಟೋದವನು ನಗೆಯಾಡಿದ.

ಅವಳು ಕೊಟ್ಟಿಗೆಯೊಳಗೆ ಹೋಗಿ ಬುಟ್ಟಿಯಲ್ಲಿ ಸಗಣಿ ತುಂಬಿಕೊಂಡು ಬಂದಳು. ಎರಚಿದರೆ ಆಗುವಂತಿರಲಿಲ್ಲ, ಕೈಯಿಂದಲೇ ಮೆತ್ತಬೇಕಾಗಿತ್ತು. ಆ ತುದಿಯಿಂದ ಈ ತುದಿಗೆ, ಅಂಗೈ ಅಗಲದ ಗೆರೆಯನ್ನು ಅಂಗೈಯಿಂದ ಒರೆಸುತ್ತಾ ಬಂದಳು. ಗಂಡ ಸ್ಟೂಲು ಸರಿಸಿಕೊಂಡ ಕಡೆಯಲ್ಲೆಲ್ಲ ಗೆರೆ ಒಂದು ಚೂರು ಜಗ್ಗಿತ್ತು. ಬಾಗಿಲ ಹತ್ತಿರ, ದಣಿದ ಕಡೆ, ದಪ್ಪವಾಗಿತ್ತು. ಆಮೇಲೆ ಹಟ ಹಿಡಿದು ಮೇಲೆದ್ದಿತ್ತು. ಅವಳ ಕೈಗೆ ಇದೆಲ್ಲ ತಿಳಿಯುತ್ತಿತ್ತು. ಕೈ ಮಾತ್ರ ನಿಲ್ಲಲಿಲ್ಲ.

ಗೋಡೆ ಸಿದ್ಧವಾದ ಮೇಲೆ ಬಿಸಿಲಿಗಾಗಿ ಕಾಯಬೇಕಾಯಿತು. ಬೆಟ್ಟದ ನೆತ್ತಿಯ ಮೇಲೆ ಒಂದು ಮೋಡ ಕೂತು ಏಳಲೊಲ್ಲದು. ಅವಳು ಕೈ ತೊಳೆದು ಚಹಾ ಮಾಡಿ ತಂದುಕೊಟ್ಟು, ನೀಲಿ ಮತ್ತೆ ಇಣುಕಿದ ಕಡೆ ಇನ್ನೊಂದು ಬುಟ್ಟಿ ಸಗಣಿ ಮೆತ್ತಿದಳು. ಫೋಟೋದವನು ಕಲ್ಲಿನ ಮೇಲೆ ಕೂತು ಚಹಾ ಕುಡಿಯುತ್ತಾ ತಾನು ತೆಗೆದ ಹಳೆಯ ಗಿರಣಿ, ಬಿದ್ದುಹೋದ ಸೇತುವೆಗಳ ಕಥೆ ಹೇಳಿದ. ಜನ ಹಳೆಯದರ ಬೆಲೆ ತಿಳಿಯುವುದಿಲ್ಲ ಎಂದು ಮರುಗಿದ. ಅವಳು ಹೂಂಗುಟ್ಟುತ್ತಿದ್ದಳಾದರೂ ಕಣ್ಣು ಕೆಳಗಿನ ರಸ್ತೆಯ ಮೇಲಿತ್ತು. ಗೋಡೆ ಒಣಗುತ್ತಿತ್ತು. ಒಣಗಿದಷ್ಟೂ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆಂಬುದು ಅವಳಿಗೆ ಗೊತ್ತಿತ್ತು.

"ಬೇಗ ಆಗುತ್ತಾ?" ಎಂದು ಕೇಳಿದಳು.

"ಬಿಸಿಲಿಗೆ ಅವಸರ ಇರಲ್ಲ ನೋಡಿ."

ಕೊನೆಗೂ ಮೋಡ ಸರಿಯಿತು. ಬೆಟ್ಟದ ಭುಜದಿಂದ ಬೆಳಕು ಇಳಿದು ಬಂದು ಹೆಂಚಿನ ಮೇಲೆ, ಹಲಗೆಯ ಮೇಲೆ, ಕೊಳೆ ಗೋಡೆಯ ಮೇಲೆ ಬಿತ್ತು. ಫೋಟೋದವನು ಚಹಾದ ಲೋಟ ಉರುಳಿದ್ದನ್ನೂ ಲೆಕ್ಕಿಸದೆ ಸ್ಟ್ಯಾಂಡಿನ ಹಿಂದೆ ಓಡಿದ. "ಬಂತು, ಬಂತು! ನೀವೂ ನಿಂತ್ಕೊಳ್ಳಿ, ಬಾಗಿಲ ಹತ್ರ. ಬಕೆಟ್ ಹಿಡ್ಕೊಳ್ಳಿ. ನನ್ನ ನೋಡ್ಬೇಡಿ, ಆ ದಾರಿ ಕಡೆ ನೋಡಿ. ಹಾಂ, ಹಾಗೇ. ಅಲ್ಲಾಡ್ಬೇಡಿ."

ಅವಳು ದಾರಿಯ ಕಡೆ ನೋಡಿದಳು. ದಾರಿಯಲ್ಲಿ ಅವಳ ಗಂಡ ಬರುತ್ತಿದ್ದ.

ಬಸ್ಸಿನ ಹೊತ್ತಾಗಿರಲಿಲ್ಲ. ಯಾರದೋ ವ್ಯಾನು ಸಿಕ್ಕಿರಬೇಕು. ಎಡಗೈಯಲ್ಲಿ ಬಣ್ಣದ ಡಬ್ಬಿಯ ಚೀಲ, ಬಲಗೈ ಅಂಗಿಯ ಪಕ್ಕದಲ್ಲಿ ನೇತಾಡುತ್ತಿತ್ತು. ಒಂದು ಕಾಲು ಊರುವುದು, ಇನ್ನೊಂದನ್ನು ಎಳೆದು ಅದರ ಪಕ್ಕ ಇಡುವುದು. ಏರನ್ನು ಹಾಗೇ ಹತ್ತುತ್ತಾ ಬಂದ. ನಡುನಡುವೆ ನಿಂತು ಉಸಿರು ತೆಗೆದುಕೊಳ್ಳುವಾಗ ಕತ್ತೆತ್ತಿ ಮೇಲೆ ನೋಡುತ್ತಿದ್ದ. ಒಂದು ಸಲ ಹಾಗೆ ನೋಡಿದವನು ಮತ್ತೆ ಕತ್ತು ತಗ್ಗಿಸಲಿಲ್ಲ.

"ಅಲ್ಲಾಡ್ಬೇಡಿ, ಅಲ್ಲಾಡ್ಬೇಡಿ," ಎನ್ನುತ್ತಿದ್ದ ಫೋಟೋದವನು.

ಓಡಿಹೋಗಿ ಗೋಡೆಗೆ ಅಡ್ಡ ನಿಲ್ಲಬೇಕೆನ್ನಿಸಿತು. ಬಕೆಟ್ಟು ಬಿಸಾಡಬೇಕೆನ್ನಿಸಿತು. ಅವಳು ಅಲ್ಲಾಡಲಿಲ್ಲ. ನಾಚಿಕೆ ಅವಳ ಕಾಲನ್ನು ಹಿಡಿದುಬಿಟ್ಟಿತ್ತು. ಮೊಣಕೈವರೆಗೆ ಸಗಣಿ ಮೆತ್ತಿದ ಕೈಯಲ್ಲಿ ಬಕೆಟ್ಟು ಹಿಡಿದು, ಗಂಡ ಒಂದೊಂದೇ ಹೆಜ್ಜೆ ಎಳೆದುಕೊಂಡು ತನ್ನ ಮುಂದಕ್ಕೆ ಬರುವವರೆಗೂ ಅವಳು ಫೋಟೋಕ್ಕೆ ನಿಂತೇ ಇದ್ದಳು.

ಅವನು ಅಂಗಳದ ಅಂಚಿನಲ್ಲಿ ನಿಂತ. ಗೋಡೆ ನೋಡಿದ. ಆ ತುದಿಯಿಂದ ಈ ತುದಿಯವರೆಗೆ, ಗೆರೆ ಇದ್ದ ಕಡೆ ಕಣ್ಣು ಹಾಯಿಸಿದ. ಆಮೇಲೆ ಅವಳ ಕೈ ನೋಡಿದ.

"ನೀವು ಈ ಮನೆಯವರಾ? ಒಳ್ಳೇ ಹೊತ್ತಿಗೆ ಬಂದ್ರಿ!" ಫೋಟೋದವನು ಸಂಭ್ರಮದಿಂದ ಮುಂದೆ ಬಂದ. "ಗಾಬರಿಯಾಗ್ಬೇಡಿ, ಎಲ್ಲ ನೀರು ಹಾಕಿದ್ರೆ ಹೋಗುತ್ತಂತೆ. ಐಡಿಯಾ ಇವರದ್ದೇ. ಏನು ಕಣ್ಣು ಕಣ್ರೀ ನಿಮ್ಮ ಮನೆಯವರದ್ದು! ಈ ಗೋಡೆ ನೋಡಿ ನಾನು ವಾಪಸ್ ಹೊರಟೇಬಿಟ್ಟಿದ್ದೆ. ಪಾಪ, ಇವರು ತಾನೇ ಏನ್ಮಾಡ್ತಾರೆ? ಯಾವನೋ ಕುಡುಕ ಕೂಲಿಯವನು ಬಂದು ಬಳಿದು ಹಾಳು ಮಾಡಿದನಂತಲ್ಲ. ಅವನ ಜೊತೆ ಗೆರೇನೂ ತೂರಾಡ್ತಿತ್ತು ಅಂದ್ರು ನೋಡಿ, ನಂಗಿನ್ನೂ ನಗು ನಿಂತಿಲ್ಲ."

ಭೂಮಿ ಬಾಯಿ ಬಿಡಬಾರದೇ ಎಂದು ಜನ ಹೇಳುವುದನ್ನು ಅವಳು ಕೇಳಿದ್ದಳು. ಹಾಗೆ ಅನ್ನಿಸುವುದು ಹೇಗಿರುತ್ತದೆಂದು ಈಗ ತಿಳಿಯಿತು. ಗಂಡನ ಮುಖ ನೋಡುವ ಧೈರ್ಯವಾಗಲಿಲ್ಲ. ಬೈದುಬಿಡಲಿ, ಈ ಮನುಷ್ಯನ ಎದುರಿಗೇ ಬೈದುಬಿಡಲಿ, ನಾನೇ ಕಣಯ್ಯಾ ಬಳಿದವನು ಅನ್ನಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು.

"ಹೌದು," ಎಂದ ಅವಳ ಗಂಡ. "ಅವನನ್ನ ಕರೆಸಬಾರ್ದಿತ್ತು."

"ಅಲ್ವಾ ಮತ್ತೆ!"

"ಇನ್ಮೇಲೆ ಕರೆಸಲ್ಲ ಬಿಡಿ."

ಆ ಮಾತನ್ನು ಅವನು ಮಾಮೂಲಿ ದನಿಯಲ್ಲೇ ಹೇಳಿದ. ಹೆಂಡತಿಯ ಮರ್ಯಾದೆ ಉಳಿಸಲು ಹೇಳಿದ್ದೆಂದು ಅವಳಿಗೆ ಗೊತ್ತಾಯಿತು. ಅಷ್ಟಕ್ಕೇ ಹೇಳಿದ್ದಲ್ಲವೆಂದೂ ಗೊತ್ತಾಯಿತು.

ಫೋಟೋದವನಿಗೆ ಬೆಳಕಿನ ಚಿಂತೆ. "ನೀವೂ ನಿಂತ್ಕೊಳ್ಳಿ ಸಾರ್, ಇವರ ಪಕ್ಕ. ಚೀಲ ಕೆಳಗಿಡಿ. ಆ ಬಲಗೈ ಇದೆಯಲ್ಲ, ಅದು ಹಾಗೇ ಇಳಿಬಿದ್ದಿರ್ಲಿ. ತುಂಬ ಸಹಜವಾಗಿದೆ. ನಗಬೇಡಿ ಯಾರೂ."

ಯಾರೂ ನಗುತ್ತಿರಲಿಲ್ಲ. ಅವನು ಬಂದು ಅವಳ ಪಕ್ಕ ನಿಂತ. ಬಿಸಿಲಿನಲ್ಲಿ ನಡೆದು ಬಂದವನ ಮೈಯ ಕಾವು ಅವಳಿಗೆ ತಾಕುತ್ತಿತ್ತು. ಅವಳು ಸಗಣಿಯ ಕೈ ಅವನ ಅಂಗಿಗೆ ಮುಟ್ಟದ ಹಾಗೆ ಒಂದಿಷ್ಟು ಸರಿದು ನಿಂತಳು. ಹಿಂದೆ ಬೆಟ್ಟ, ಮುಂದೆ ಹಸು, ನಡುವೆ ಕೊಳಕು ಗೋಡೆಗೆ ಬೆನ್ನು ಮಾಡಿ ಗಂಡ ಹೆಂಡತಿ. ಕ್ಯಾಮೆರಾ ಕಟ್ ಕಟ್ ಎಂದು ಸದ್ದು ಮಾಡಿತು. ಈ ಸಲ ಹಸು ಕೂಡ ತಿರುಗಿ ನಿಂತಿತ್ತು. ಫೋಟೋದವನು, "ಇದು, ಇದು! ಇದಕ್ಕೆ ಅಂತಾನೇ ನಾನು ಎರಡು ವರ್ಷ ಕಾದದ್ದು!" ಎಂದು ಒಬ್ಬನೇ ಕುಣಿದಾಡಿದ.

ಹೊರಡುವಾಗ ಅವನು ಅವಳ ಗಂಡನ ಕೈ ಕುಲುಕಲು ಬಲಗೈ ಚಾಚಿದ. ಇವನು ಎಡಗೈ ಕೊಟ್ಟ.

"ಓ, ಎಡಗೈಯವರಾ ನೀವು?"

"ಈಗೀಗ," ಎಂದ ಅವಳ ಗಂಡ.

ಫೋಟೋದವನು ಮನಸಾರೆ ಥ್ಯಾಂಕ್ಸ್ ಹೇಳಿ, ಒಂದು ದೊಡ್ಡ ಪ್ರಿಂಟು ಕಳಿಸಿಕೊಡುತ್ತೇನೆ, ಕಟ್ಟು ಹಾಕಿಸಿ ನಡುಮನೆಯಲ್ಲಿ ಹಾಕಿಕೊಳ್ಳಿ ಎಂದು ಹೇಳಿ ಇಳಿದು ಹೋದ. ಕೆಳಗೆ ಕಾರಿನ ಬಾಗಿಲು ಬಡಿದ ಸದ್ದು ಕೇಳಿಸಿತು.

ಅವಳು ಬಾವಿಗೆ ಓಡಿದಳು. ಬಕೆಟ್ಟು ಬಕೆಟ್ಟು ನೀರು ತಂದು ಗೋಡೆಗೆ ಹೊಯ್ದಳು. ತೆಂಗಿನ ನಾರು ಸಿಕ್ಕಿತು, ಅದರಿಂದ ಉಜ್ಜಿದಳು. ಕೆಂಪು ಇಳಿಯಿತು, ಅದರ ಜೊತೆಗೇ ಬಿಳುಪೂ ಇಳಿಯಿತು. ಉಜ್ಜಿದ ಕಡೆಯಲ್ಲೆಲ್ಲ ಹಳೆಯ ಕಲ್ಲು ಕಪ್ಪಗೆ ಎದ್ದು ಬರುತ್ತಿತ್ತು. ನೀಲಿಯ ಮೇಲಿನ ಸಗಣಿಯನ್ನು ಉಗುರಿನಿಂದ ಕೆರೆದಳು. ಕೆಳಗಿನ ಸುಣ್ಣ ನೆನೆದು ಸಡಿಲವಾದದ್ದರಿಂದ ನೀಲಿ ಹಕ್ಕಳೆ ಹಕ್ಕಳೆಯಾಗಿ ಅವಳ ಬೆರಳಿಗೇ ಬಂತು. ಅದನ್ನು ಏನು ಮಾಡಬೇಕೋ ತಿಳಿಯದೆ ಅಂಗೈಯಲ್ಲಿ ಹಿಡಿದುಕೊಂಡಳು.

ಗಂಡ ಹಸುವನ್ನು ಒಳಗೆ ಕಟ್ಟಿ ಬಂದು ಬಾಗಿಲಲ್ಲಿ ನಿಂತ.

"ಸಾಕು ಬಿಡು. ಚಳಿಯಾಗುತ್ತೆ."

"ನಾನು..." ಎಂದಳು. "ನಾನು ಸುಮ್ನೆ ಬಾಯಿಗೆ ಬಂದಿದ್ದು ಅಂದೆ ಕಣ್ರೀ. ಯಾಕಂದೆ ಅಂತ ನಂಗೇ ಗೊತ್ತಿಲ್ಲ. ನಾಚಿಕೆಗೆಟ್ಟವಳು ನಾನು."

"ಗೆರೆ ಸೊಟ್ಟಗಿತ್ತು ಅಂತ ನಂಗೆ ಗೊತ್ತಿತ್ತು," ಎಂದ ಅವನು. ಸಿಟ್ಟಿರಲಿಲ್ಲ. ಕೆಲಸದ ಬಗ್ಗೆ ಮಾತಾಡುವಾಗ ಇರುತ್ತಿದ್ದ ದನಿಯೇ ಇತ್ತು. "ಎಳೀತಾ ಇರೋವಾಗ್ಲೇ ಕೈಗೆ ಗೊತ್ತಾಗುತ್ತಲ್ಲ. ನೀನು ದಾರ ಹಿಡಿದ ಹಾಗಿದೆ ಅಂದೆ. ಆಣೆ ಬೇರೆ ಹಾಕಿದೆ. ಇರ್ಬೋದೇನೋ, ನನ್ನ ಕಣ್ಣೂ ಹೋಗಿರ್ಬೋದೇನೋ ಅಂದ್ಕೊಂಡೆ."

ನೀರು ಗೋಡೆಯಿಂದ ಇಳಿದು ಅವಳ ಕಾಲಬೆರಳುಗಳ ಸಂದಿಯಲ್ಲಿ ಹರಿದುಹೋಗುತ್ತಿತ್ತು.

"ಸೋಮವಾರ ಹೋಗ್ತೀರಲ್ಲ?" ಎಂದು ಕೇಳಿದಳು. "ಸೈಕಲ್ ಅಂಗಡಿಗೆ?"

"ಅವನು ಬೇರೆ ಯಾರ ಹತ್ರಾನಾದ್ರೂ ಬರೆಸ್ಕೊಳ್ತಾನೆ ಬಿಡು. ಬಣ್ಣ ಬೇಕಾದ್ರೆ ಅವನಿಗೇ ಕೊಟ್ರಾಯ್ತು."

ಅವನು ಮನೆಯೊಳಕ್ಕೆ ಹೋದ. ಅವಳು ಇನ್ನೊಂದಿಷ್ಟು ಹೊತ್ತು ಗೋಡೆ ಉಜ್ಜಿದಳು. ಬೆಟ್ಟದ ಮೇಲಿನ ಬೆಳಕು ಆರಿ, ಯಾವುದು ಕಲ್ಲು ಯಾವುದು ಸುಣ್ಣ ಎಂದು ತಿಳಿಯದಂತಾದ ಮೇಲೆ ಕೈಕಾಲು ತೊಳೆದುಕೊಂಡು ಒಳಗೆ ಬಂದಳು.

ಅವನು ದೀಪದ ಕೆಳಗೆ ಮಂಚದ ಅಂಚಿನಲ್ಲಿ ಹೊರಗಿನ ಅಂಗಿಯಲ್ಲೇ ಕೂತಿದ್ದ. ಆಸ್ಪತ್ರೆಯಿಂದ ಮನೆಗೆ ಬಂದ ಮೊದಲಲ್ಲಿ ಅವನ ಅಂಗಿ ಬಿಚ್ಚುವುದು, ತೊಡಿಸುವುದು ಅವಳದೇ ಕೆಲಸವಾಗಿತ್ತು. ಆಮೇಲೊಂದು ದಿನ ಅವಳ ಕೈ ತಳ್ಳಿ, ಒಂದೊಂದು ಗುಂಡಿಯ ಜೊತೆಗೂ ಎಡಗೈಯಲ್ಲಿ ಗುದ್ದಾಡಿ, ಹಲ್ಲು ಕಚ್ಚಿ, ತಾನೇ ಬಿಚ್ಚಿಕೊಂಡಿದ್ದ. ಅಂದಿನಿಂದ ಅವಳು ಎಷ್ಟೇ ಹೊತ್ತಾದರೂ ಬೇರೆ ಕಡೆ ನೋಡುತ್ತಾ ಕಾಯುತ್ತಿದ್ದಳು, ಹತ್ತಿರ ಹೋಗುತ್ತಿರಲಿಲ್ಲ.

ಈಗಲೂ ಅವಳು ಕಿಟಕಿಯ ಕಡೆ ತಿರುಗಿ ನಿಂತಳು. ಹಿಂದೆ ಯಾವ ಸದ್ದೂ ಬರಲಿಲ್ಲ. ಬಹಳ ಹೊತ್ತಾದ ಮೇಲೆ ತಿರುಗಿ ನೋಡಿದಳು. ಅವನ ಎರಡೂ ಕೈಗಳು ತೊಡೆಯ ಮೇಲೆ ಒಂದೇ ಥರ ಬಿದ್ದುಕೊಂಡಿದ್ದವು. ಅವಳು ಹತ್ತಿರ ಬಂದಾಗ ಅವನು, ಕತ್ತಿನ ಗುಂಡಿ ಸಿಗಲೆಂದು, ಗಲ್ಲವನ್ನು ಸ್ವಲ್ಪ ಮೇಲಕ್ಕೆತ್ತಿ ಕೊಟ್ಟ.